ನೇತ್ರಾಣಿಗೆ ಮೇನಲ್ಲಿ ಬೇಡ ಮಾರಾಯ

ಪ್ರೀತಿಯ ಸುರೇಶ,

ನಿನ್ನೆ ನೀನು ಫೋನ್ ಮಾಡಿದಾಗ ಕಾರವಾರದ ಬೈತಖೋಲ್ ಬಂದರಿನಲ್ಲಿ ಬಂಗಡೆ ಆರಿಸುತ್ತಾ ನಿಂತಿದ್ದೆ. ಆ ಗಲಾಟೆಯಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ. ಮೇ ಮೂರನೇ ವಾರ ಮಕ್ಕಳ ಜೊತೆ ನೇತ್ರಾಣಿ ದ್ವೀಪಕ್ಕೆ ಹೋಗೋಣ ಅಂದೆಯಲ್ಲ, ಬೇಡ ಮಾರಾಯ. ರೈಲಿನ ಟಿಕೆಟ್ ಮಾಡಿಸಿದ್ದರೆ ರದ್ದು ಮಾಡಿಸು.

ನಾನೂ ಒಮ್ಮೆ ಬೇಸಿಗೆ ರಜೆ ಅಂತ ತಂಗಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಮುರುಡೇಶ್ವರದಿಂದ ಹೊರಟಾಗ ಕಡಲು ಸುಮ್ನಿತ್ತು. ದ್ವೀಪ ಅಲ್ಲಿಂದ ಸುಮಾರು 19 ಕಿಲೋಮೀಟರ್. ವಾಪಸ್ ಬರುವಷ್ಟರಲ್ಲಿ ಮಧ್ಯಾಹ್ನ ದಾಟಿ ಗಾಳಿ ಎದ್ದಿತ್ತು. ಬೋಟಿನ ಮೂತಿ ಏರುವುದು, ದಪ್ಪಂತ ಬೀಳುವುದು, ಮತ್ತೆ ಏರುವುದು. ಸಣ್ಣವಳು ನನ್ನ ಅಂಗಿಯ ತೋಳು ಹಿಡಿದು ಕೂತಿದ್ದಳು. ವಾಂತಿ ಮಾಡುವಾಗಲೂ ಬಿಡಲಿಲ್ಲ. ದಡಕ್ಕೆ ಬಂದು ನೋಡಿದರೆ ತೋಳಿನ ಹೊಲಿಗೆಯೇ ಕಿತ್ತು ಬಂದಿತ್ತು.

ಮಳೆಗಾಲದ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಆಮೇಲೆ ನೂಲ ಹುಣ್ಣಿಮೆಗೆ, ಅಂದರೆ ಶ್ರಾವಣ ಹುಣ್ಣಿಮೆಗೆ, ಮೀನುಗಾರರು ಕಡಲಿಗೆ ತೆಂಗಿನಕಾಯಿ ಕೊಟ್ಟು ಪೂಜೆ ಮಾಡುತ್ತಾರೆ. ಪೂಜೆ ಆಯ್ತಲ್ಲ ಅಂತ ದಸರಾ ರಜೆಗೆ ಓಡಿ ಬರಬೇಡ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲವೂ ಘಟ್ಟದ ಕೆಂಪು ನೀರನ್ನು ತಂದು ಸುರಿದಿರುತ್ತವೆ. ಕಡಲು ಇನ್ನೂ ಕಲಕಿಕೊಂಡೇ ಇರುತ್ತದೆ. ನೇತ್ರಾಣಿಗೆ ಹೋಗುವುದೇ ನೀರೊಳಗೆ ನೋಡಲು, ಅಲ್ವಾ? ಅದೇ ಕಾಣದಿದ್ದರೆ ಏನು ಬಂತು?

ನನ್ನ ಕೇಳಿದರೆ ಸಂಕ್ರಾಂತಿ ಕಳೆದ ಮೇಲೆ ಶಿವರಾತ್ರಿಯೊಳಗೆ ಬರಬೇಕು. ಹೋದ ಜನವರಿಯಲ್ಲಿ ಏಣಿ ಹಿಡಿದು ಇಳಿದು ನೀರಲ್ಲಿ ಮುಖ ಮುಳುಗಿಸಿದೆ ನೋಡು, ಕೆಳಗಿನ ಬಂಡೆಯ ಮೇಲೆ ನಮ್ಮ ಬೋಟಿನ ನೆರಳು ಬಿದ್ದಿತ್ತು! ನೆರಳಿನ ಅಂಚಿನಲ್ಲಿ ಹಳದಿ ಪಟ್ಟೆಯ ಮೀನುಗಳ ಹಿಂಡು. ಬಿಸಿಲಿಗೆ ಬಂದರೆ ಫಳಫಳ, ನೆರಳಿಗೆ ಸರಿದರೆ ಕಪ್ಪು. ಉಸಿರಾಟದ ಕೊಳವೆ ಕಚ್ಚಿಕೊಂಡು ಎಷ್ಟು ಹೊತ್ತು ತೇಲಿದೆನೋ, ಬೋಟಿನವನು ಹೆಸರು ಹಿಡಿದು ಕೂಗಬೇಕಾಯಿತು. ನಿನ್ನ ಮಕ್ಕಳು ಇದನ್ನು ನೋಡಬೇಕು ಕಣೋ.

ತಿಂಗಳ ಜೊತೆಗೆ ತಿಥಿಯನ್ನೂ ನೋಡಬೇಕು. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಉಬ್ಬರ ಇಳಿತ ಜಾಸ್ತಿ, ನೀರಿನ ಸೆಳೆತವೂ ಜೋರು. ಅಷ್ಟಮಿ, ನವಮಿಯ ಆಚೀಚೆ ಕಡಲು ಸ್ವಲ್ಪ ತಣ್ಣಗಿರುತ್ತದೆ. ಬೆಳಗಿನ ಮೊದಲ ಬೋಟಿಗೇ ಹೋಗಬೇಕು.

ಕಿರಿಯವನಿಗೆ ಅಷ್ಟು ದೂರ ಕಷ್ಟ ಅನಿಸಿದರೆ ಕಾರವಾರದ ಕೂರ್ಮಗಡ ದ್ವೀಪ ಇದೆ. ಹತ್ತಿರ, ದಾರಿಯಲ್ಲಿ ಡಾಲ್ಫಿನ್ ಕಂಡರೂ ಕಾಣಬಹುದು. ಪುಷ್ಯ ಹುಣ್ಣಿಮೆಗೆ ಅಲ್ಲಿ ನರಸಿಂಹ ದೇವರ ಜಾತ್ರೆ. ಜಾತ್ರೆಯ ದಿನ ಮಾತ್ರ ಮಕ್ಕಳನ್ನು ಕರೆದುಕೊಂಡು ಹೋಗುವುದು ಬೇಡ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿತು. ಜನ ಜಾಸ್ತಿ ಹತ್ತಿದ್ದರು. ಮಕ್ಕಳೂ ಇದ್ದರು. ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಎಲ್ಲರಿಗೂ ಲೈಫ್ ಜಾಕೆಟ್ ಇಲ್ಲದ ದೋಣಿಗೆ ನಾನು ನಿಮ್ಮನ್ನು ಹತ್ತಿಸುವುದಿಲ್ಲ.

ಮೇನಲ್ಲಿ ಬರಲೇಬೇಕು ಅಂದರೆ ಮನೆಗೆ ಬಾ. ಅಂಕೋಲೆಯ ಕರಿ ಇಷಾಡ ಮಾವಿನ ಹಣ್ಣು ಬಂದಿರುತ್ತದೆ, ತಿಂದುಕೊಂಡು ದಡದಲ್ಲೇ ಇರೋಣ. ದ್ವೀಪಕ್ಕೆ ಜನವರಿಯೇ. ಶಾಲೆ ತಪ್ಪುತ್ತದೆ ಅಂತ ಅತ್ತಿಗೆ ಹೇಳಿದರೆ ಎರಡೇ ದಿನ ಅನ್ನು. ಪಂಚಾಂಗ ನೋಡಿ ತಾರೀಕು ನಾನು ತಿಳಿಸುತ್ತೇನೆ. ಅಷ್ಟರೊಳಗೆ ಇಬ್ಬರಿಗೂ ಈಜು ಕಲಿಸಿಬಿಡು.

ನಿನ್ನ,
ಗಣಪತಿ