ಹಕ್ಕಿಯ ಜೊತೆಗೆ ಕಲ್ಲುಹೂವಿನ ಕಥೆಯೂ ಬರಲಿ

ಮಾನ್ಯ ಸಂಪಾದಕರೇ,

ತಾಪಮಾನ ಏರಿಕೆಯ ಕುರಿತ ಬರಹಗಳಲ್ಲಿ ಹಿಮನಾಡಿನ ಟಾರ್ಮಿಗನ್ ಹಕ್ಕಿಯ ಪ್ರಸ್ತಾಪ ಬರುವುದುಂಟು. ಆದರೆ ಅದು ಓಡಾಡುವ ಬಂಡೆಗಳ ಮೇಲೆ ಹಳದಿ ಮಿಶ್ರಿತ ಹಸಿರು ತೇಪೆಗಳಾಗಿ, ಸುತ್ತಲೂ ಕಪ್ಪು ಗೆರೆ ಎಳೆದುಕೊಂಡು ಭೂಪಟದಂತೆ ಹರಡುವ ರೈಜೋಕಾರ್ಪನ್ ಎಂಬ ಕಲ್ಲುಹೂವಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇವೆರಡನ್ನೂ ಜೊತೆಗಿಟ್ಟು ನೋಡಿದರೆ ಹಕ್ಕಿಯ ಸಂಕಟ ಇನ್ನಷ್ಟು ಸ್ಪಷ್ಟವಾಗುತ್ತದೆ ಎಂಬುದು ನನ್ನ ಅನಿಸಿಕೆ.

ಟಾರ್ಮಿಗನ್ ಹಾರಬಲ್ಲದಾದರೂ ನೆಲವನ್ನೇ ನಂಬಿದ ಹಕ್ಕಿ. ಅದರ ಗೂಡೆಂದರೆ ನೆಲದಲ್ಲೊಂದು ಸಣ್ಣ ತಗ್ಗು, ಅಷ್ಟೆ. ವರ್ಷಕ್ಕೆ ಮೂರು ಬಾರಿ ಗರಿ ಬದಲಿಸುವ ಅದು ಚಳಿಗಾಲದಲ್ಲಿ ಬಾಲದ ಕಪ್ಪು ಗರಿಗಳನ್ನು ಬಿಟ್ಟರೆ ಬಹುತೇಕ ಬೆಳ್ಳಗಾಗುತ್ತದೆ. ಬೇಸಿಗೆಯಲ್ಲಿ ಕಾವಿಗೆ ಕೂತ ಹೆಣ್ಣು ಅಲುಗಾಡದಿದ್ದರೆ ಕಲ್ಲುಹೂವು ಹತ್ತಿದ ಕಲ್ಲುಗಳ ನಡುವೆ ಅದೂ ಒಂದು ಕಲ್ಲೆಂದೇ ತೋರುತ್ತದೆ. ಗಂಡಿನದು ಬೇರೆಯೇ ಜಾಣತನ: ಹಿಮ ಕರಗಿದ ಮೇಲೂ ಬಿಳುಪನ್ನು ಉಳಿಸಿಕೊಂಡು ಹೆಣ್ಣನ್ನು ಸೆಳೆಯುವ ಅದು, ಸಂಗಾತಿ ಮೊಟ್ಟೆಯಿಡಲು ತೊಡಗಿದ ಮೇಲೆ ಬೇಕೆಂದೇ ಗರಿಗಳಿಗೆ ಮಣ್ಣು ಮೆತ್ತಿಕೊಂಡು ಕೊಳಕಾಗುವುದನ್ನು ವಿಜ್ಞಾನಿಗಳು ಕೆನಡಾದ ಉತ್ತರ ಭಾಗದಲ್ಲಿ ಗಮನಿಸಿದ್ದಾರೆ.

ಕಲ್ಲುಹೂವಿಗೆ ಇಂಥ ಯಾವ ಅವಸರವೂ ಇಲ್ಲ. ಶಿಲೀಂಧ್ರ ಮತ್ತು ಪಾಚಿ ಕೂಡಿ ಹೂಡಿದ ಈ ಸಂಸಾರ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಹಾಗಾಗಿ ತೇಪೆಯ ಅಗಲವನ್ನು ಅಳೆದು, ಹಿಮನದಿ ಹಿಂದೆ ಸರಿದು ಬಂಡೆ ಬಯಲಾದ ಕಾಲವನ್ನು ಅಂದಾಜಿಸಬಹುದು. ಈ ವಿಧಾನವನ್ನು 1950ರ ದಶಕದಲ್ಲಿ ಬಳಕೆಗೆ ತಂದವರು ಸಸ್ಯವಿಜ್ಞಾನಿ ರೋಲಂಡ್ ಬೆಶೆಲ್. 2005ರಲ್ಲಿ ಫೋಟಾನ್-ಎಂ2 ನೌಕೆಯಲ್ಲಿ ಸುಮಾರು ಎರಡು ವಾರ ಬಾಹ್ಯಾಕಾಶದ ನಿರ್ವಾತಕ್ಕೂ ಬಿಸಿಲಿಗೂ ಒಡ್ಡಿದ ಇದೇ ಕಲ್ಲುಹೂವು ಭೂಮಿಗೆ ಮರಳಿದ ಬಳಿಕ ಮತ್ತೆ ಜೀವಚಟುವಟಿಕೆ ತೋರಿತು.

ಬದಲಾಗಬಲ್ಲ ಜೀವಿಯೇ ಸುರಕ್ಷಿತ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಇಲ್ಲಿ ಆ ಮಾತು ನಿಲ್ಲದು. ಟಾರ್ಮಿಗನ್ ಗರಿ ಬದಲಿಸುವುದು ಮುಖ್ಯವಾಗಿ ಹಗಲಿನ ಉದ್ದವನ್ನು ಅನುಸರಿಸಿಯೇ ಹೊರತು ಹಿಮವನ್ನು ನೋಡಿಕೊಂಡಲ್ಲ. ಹಿಮ ಬೇಗ ಕರಗಿದರೆ ಬಿಳಿ ಹಕ್ಕಿ ಬರಿಯ ಬಂಡೆಯ ಮೇಲೆ ಹದ್ದು, ನರಿಗಳ ಕಣ್ಣಿಗೆ ಸಲೀಸಾಗಿ ಬೀಳುತ್ತದೆ. ಆದ್ದರಿಂದ ಕರಗುವ ಹಿಮದ ಕುರಿತ ಮುಂದಿನ ಲೇಖನಗಳಲ್ಲಿ ಹಕ್ಕಿಯ ಪಾಡಿನ ಜೊತೆಗೆ, ಹಿಮ ಸರಿದುಹೋದ ಕಾಲವನ್ನು ದಾಖಲಿಸಿಟ್ಟುಕೊಂಡಿರುವ ಕಲ್ಲುಹೂವಿನ ಸಾಕ್ಷ್ಯಕ್ಕೂ ಸ್ಥಳಾವಕಾಶ ನೀಡಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ