ಕೌದಿ ಹೊಲಿಯುವವರಿಗೆ ಮಷಿನ್ ಕೊಡುವ ಮುಂಚೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳ ಬಗ್ಗೆ ಬಂದ ಬರಹವನ್ನು ಇಲ್ಲಿ ಒಹಾಯೊದಲ್ಲಿ ಕೂತು ಮೊಬೈಲಿನಲ್ಲಿ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ಒಂದು ಮಾತಿದೆ. ಅಮೆರಿಕದಲ್ಲಿ ಇದಕ್ಕೆ ಅಂತಲೇ ದೊಡ್ಡ ಮಷಿನ್ ಇದೆ, ಅಂಥದ್ದನ್ನು ನಮ್ಮ ಸ್ವಸಹಾಯ ಸಂಘಗಳಿಗೂ ಕೊಡಿಸಿದರೆ ತಿಂಗಳುಗಟ್ಟಲೆ ಹಿಡಿಯುವ ಕೌದಿ ಒಂದೇ ದಿನದಲ್ಲಿ ಮುಗಿಯುತ್ತದೆ ಅಂತ. ಆ ಮಷಿನ್ ನಾಲ್ಕು ತಿಂಗಳಿಂದ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿದೆ. ಹಾಗಾಗಿ ಸುಮ್ನೆ ಇರೋಕೆ ಆಗಲಿಲ್ಲ.

ಇದರ ಹೆಸರು ಲಾಂಗ್ ಆರ್ಮ್. ಮನೆಯ ಹೊಲಿಗೆ ಮಷಿನ್‌ನಲ್ಲಿ ಸೂಜಿಯ ಬಲಕ್ಕೆ ಆರೇಳು ಇಂಚು ಜಾಗ ಇರುತ್ತದೆ, ಇದರಲ್ಲಿ 18ರಿಂದ 26 ಇಂಚು. ಅಲ್ಲಿ ನಾವು ಬಟ್ಟೆ ಸರಿಸುತ್ತೇವೆ. ಇಲ್ಲಿ ಬಟ್ಟೆ ಚೌಕಟ್ಟಿನ ಮೇಲೆ ಬಿಗಿಯಾಗಿ ನಿಂತಿರುತ್ತದೆ, ಹಳಿಯ ಮೇಲೆ ಓಡುವ ಮಷಿನ್ನನ್ನೇ ಎರಡು ಕೈಯಲ್ಲಿ ಹಿಡಿದು ನಾವು ಓಡಿಸಬೇಕು. ನನ್ನ ಚೌಕಟ್ಟು 12 ಅಡಿ ಉದ್ದ. ಹೊಸದಕ್ಕೆ ಹತ್ತು ಸಾವಿರ ಡಾಲರಿಗಿಂತ ಜಾಸ್ತಿ ಬಿತ್ತು. ನಮ್ಮವರು ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ, ಅದು ಬೇರೆ ಕಥೆ.

ಬಂದ ದಿನವೇ ಹೊಲಿದುಬಿಡುತ್ತೇನೆ ಅಂದುಕೊಂಡಿದ್ದೆ. ಚೌಕಟ್ಟು ಜೋಡಿಸಿ ಮಟ್ಟ ನೋಡುವುದರಲ್ಲೇ ಎರಡು ದಿನ ಹೋಯಿತು. ನೆಲ ಒಂದು ಕಡೆ ಸ್ವಲ್ಪ ತಗ್ಗಿದ್ದರೂ ಮಷಿನ್ ತಾನಾಗಿ ಆ ಕಡೆಗೆ ಜಾರುತ್ತದೆ, ನೇರ ಗೆರೆ ಎಳೆಯಲು ಹೋದರೆ ಸೊಟ್ಟ ಬರುತ್ತದೆ. ಆಮೇಲೆ ಬಟ್ಟೆ ಏರಿಸುವುದು. ಅಡಿ ಬಟ್ಟೆ ಒಂದು ರೋಲರಿಗೆ, ಮೇಲಿನದು ಇನ್ನೊಂದಕ್ಕೆ, ನಡುವೆ ಹತ್ತಿಯ ಪದರ. ಅಡಿ ಬಟ್ಟೆ ನಾಲ್ಕೂ ಕಡೆ ನಾಲ್ಕು ನಾಲ್ಕು ಇಂಚು ದೊಡ್ಡದಿರಬೇಕು, ಯಾಕೆಂದರೆ ಅಂಚಿಗೆ ಕ್ಲಿಪ್ ಹಾಕಿ ಎಳೆದು ಕಟ್ಟಬೇಕು. ನಾನು ಬಟ್ಟೆ ಉಳಿಸಲು ಹೋಗಿ ಒಂದೇ ಇಂಚು ಬಿಟ್ಟಿದ್ದೆ. ಮಷಿನ್ ಹೋಗಿ ಕ್ಲಿಪ್ಪಿಗೆ ಢಣ್ ಅಂತ ಬಡಿಯಿತು, ಸೂಜಿ ಮುರಿಯಿತು.

ಇದಾದ ಮೇಲೆ ನಿಜವಾದ ಪಾಠ ಶುರುವಾಯಿತು. ಮೊದಲ ಕ್ವಿಲ್ಟಿನ (ಇಲ್ಲಿನವರ ಕೌದಿ ಅನ್ನಿ) ಮೇಲೆ ಸುರುಳಿ ಸುರುಳಿಯಾಗಿ ಹೊಲಿದೆ. ಮೇಲಿಂದ ನೋಡಿದರೆ ಮುತ್ತು ಪೋಣಿಸಿದ ಹಾಗೆ. ಅರ್ಧ ಮುಗಿದ ಮೇಲೆ ಯಾಕೋ ಬಗ್ಗಿ ಅಡಿಗೆ ಬ್ಯಾಟರಿ ಬಿಟ್ಟು ನೋಡಿದೆ. ತಿರುವು ಇದ್ದಲ್ಲೆಲ್ಲ ಮೇಲಿನ ದಾರ ಸಡಿಲ ಕುಣಿಕೆಯಾಗಿ ಕಣ್ಣೆವೆಯ ಥರ ಜೋತಾಡುತ್ತಿದೆ. ಬಾಬಿನ್ ದಾರ, ಅಂದರೆ ಅಡಿಯ ಪುಟ್ಟ ಉರುಳೆಯಿಂದ ಬರುವ ದಾರ ಮಾತ್ರ ತಂತಿಯ ಹಾಗೆ ನೆಟ್ಟಗೆ ಮಲಗಿದೆ, ಬೆರಳಲ್ಲಿ ಎಳೆದರೆ ಉದ್ದಕ್ಕೂ ಕಿತ್ತು ಬಂತು! ದಾರದ ಬಿಗಿ ಹೆಚ್ಚು ಕಮ್ಮಿ ಮಾಡುವ ಟೆನ್ಶನ್ ತಿರುಪನ್ನು ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ ಮೂರು ದಿನ ಹಾಳು ಮಾಡಿದೆ, ಅಡಿ ದಾರದ ಬಿಗಿ ಸರಿ ಇದೆಯಾ ಅಂತ ತಿಳಿಯಲು ಬಾಬಿನ್ ಕೂರುವ ಕೇಸನ್ನು ದಾರದಲ್ಲಿ ತೂಗಿಬಿಟ್ಟು ಅದು ಮೆಲ್ಲಗೆ ಒಂದಿಂಚು ಇಳಿದು ನಿಲ್ಲುತ್ತದಾ ಅಂತ ಹತ್ತು ಸಲ ನೋಡಿದೆ, ಕೊನೆಗೆ ಗೊತ್ತಾಗಿದ್ದು ಏನಪ್ಪಾ ಅಂದರೆ ಮೇಲಿನ ದಾರ ಅದನ್ನು ಬಿಗಿ ಹಿಡಿಯುವ ಟೆನ್ಶನ್ ಬಿಲ್ಲೆಗಳ ನಡುವೆ ಕೂತೇ ಇರಲಿಲ್ಲ, ಅವುಗಳ ಮೇಲೆ ಸುಮ್ನೆ ಹಾದುಹೋಗುತ್ತಿತ್ತು. ದಾರವನ್ನು ಎರಡೂ ಕೈಯಲ್ಲಿ ಹಿಡಿದು ಬಿಲ್ಲೆಗಳ ಸಂದಿಗೆ ಜಗ್ಗಿ ಕೂರಿಸಿದೆ, ಒಂದೇ ನಿಮಿಷದ ಕೆಲಸ. ಹೊಲಿದದ್ದನ್ನು ಬಿಚ್ಚಲು ಎರಡು ಸಂಜೆ ಬೇಕಾಯಿತು. ಅದಾದ ಮೇಲೆ ಒಂದು ತಿಂಗಳು ಬರೀ ಕೋರಾ ಬಟ್ಟೆಯ ಮೇಲೆ ಹೊಲಿದಿದ್ದೇನೆ.

ನಾನು ಇಷ್ಟೆಲ್ಲ ಹೇಳುತ್ತಿರುವುದು ಮಷಿನ್ ಕೆಟ್ಟದ್ದು ಅಂತಲ್ಲ. ಕೈಹೊಲಿಗೆಯೇ ಮೇಲು ಅನ್ನುವ ಜಗಳ ಇಲ್ಲೂ ಆಗಿದೆ. ಕೆಂಟಕಿಯ ಪಡೂಕಾ ಊರಿನಲ್ಲಿ ಪ್ರತಿ ವರ್ಷ ದೊಡ್ಡ ಕ್ವಿಲ್ಟ್ ಸ್ಪರ್ಧೆ ನಡೆಯುತ್ತದೆ. 1989ರಲ್ಲಿ ಅಲ್ಲಿನ ಅತಿ ದೊಡ್ಡ ಬಹುಮಾನ ಮೊದಲ ಸಲ ಮಷಿನ್ ಹೊಲಿಗೆಗೆ ಬಂದಾಗ, ಅದೂ ಮನೆಯ ಮಷಿನ್, ಎಷ್ಟೋ ಜನ ಸಿಟ್ಟಾಗಿದ್ದರಂತೆ. ಈಗ ಯಾರೂ ಕೇಳುವುದಿಲ್ಲ. ನನ್ನ ತಕರಾರು ಬೇರೆ.

ಲಾಂಗ್ ಆರ್ಮ್‌ನಲ್ಲಿ ಒಂದು ಸಲಕ್ಕೆ ಕಾಣುವುದು ಬಟ್ಟೆಯ ಒಂದು ಪಟ್ಟಿ ಮಾತ್ರ. ಆ ಪಟ್ಟಿ ಮುಗಿಸಿ, ರೋಲರ್ ಸುತ್ತಿ, ಮುಂದಿನ ಪಟ್ಟಿಗೆ ಹೋಗಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿ ಹಾಗಲ್ಲ. ಅವರು ಒಂದು ಮೂಲೆಯಿಂದ ಹಿಡಿದು ಅಂಚಿನ ಸುತ್ತ ತುಂಡು ಸೇರಿಸುತ್ತ, ಸುತ್ತು ಸುತ್ತು ಹೊಲಿಯುತ್ತ ನಡುವಿಗೆ ಬರುತ್ತಾರೆ. ತುಂಡು ಜೋಡಿಸುವುದೂ ಹೊಲಿಯುವುದೂ ಅಲ್ಲಿ ಒಂದೇ ಕೆಲಸ. ಅದನ್ನು ಈ ಚೌಕಟ್ಟಿನ ಮೇಲೆ ಹೇಗೆ ಮಾಡುತ್ತೀರಿ? ಇನ್ನು ನಮ್ಮ ಧಾರವಾಡದ ಕಡೆಯ ಕೌದಿ. ಹಳೆ ಸೀರೆ, ಧೋತರ ಪದರ ಪದರವಾಗಿ ಹಾಕಿರುತ್ತಾರೆ. ನಾನು ಅವ್ವನ ಎರಡು ಹಳೆ ಸೀರೆ ಏರಿಸಿ ನೋಡಿದೆ. ತೊಳೆದು ತೊಳೆದು ಮೆತ್ತಗಾದ ಬಟ್ಟೆ, ರೋಲರ್ ಬಿಗಿ ಮಾಡುತ್ತಿದ್ದಂತೆ ಪಿನ್ ಹಾಕಿದಲ್ಲೇ ಪರ್ ಅಂತ ಹರಿಯಿತು. ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದ ಅವ್ವ, "ಅದಕ್ಕ ಅಷ್ಟ್ ಜಗ್ಗಿದ್ರ ಹರೀದ ಏನ್ ಮಾಡ್ತದ?" ಅಂದಳು. ಸರಿ ಅಲ್ವಾ?

ಹೊಸ ಬಟ್ಟೆಯ ರಜಾಯಿ ಮಾಡಿ ಮಾರುವುದಾದರೆ ಈ ಮಷಿನ್ ಬಲು ಉಪಯೋಗ, ಇಲ್ಲ ಅನ್ನುವುದಿಲ್ಲ. ಅದಕ್ಕೂ ಪ್ರತಿ ಸಂಘಕ್ಕೆ ಒಂದೊಂದು ಕೊಡಿಸಿ ಸಾಲ ಹೊರಿಸಬೇಡಿ. ಇಲ್ಲಿ ಕೆಲವು ಅಂಗಡಿಗಳಲ್ಲಿ ಒಂದು ದಿನ ಕಲಿಸಿ, ಆಮೇಲೆ ಗಂಟೆ ಲೆಕ್ಕದಲ್ಲಿ ಮಷಿನ್ ಬಾಡಿಗೆಗೆ ಕೊಡುತ್ತಾರೆ. ಹಾಗೆ ತಾಲ್ಲೂಕಿಗೆ ಒಂದು ಕಡೆ ಇಟ್ಟು, ಕೆಟ್ಟರೆ ರಿಪೇರಿ ಮಾಡಲು ಒಬ್ಬರನ್ನು ತಯಾರು ಮಾಡಿ, ಹಾಳಾದರೂ ಪರವಾಗಿಲ್ಲ ಅನ್ನುವಂಥ ಬಟ್ಟೆ ಕೊಟ್ಟು ಒಂದೆರಡು ತಿಂಗಳು ಕೈ ಕೂರಲು ಬಿಡಬೇಕು. ಬರೀ ಮಷಿನ್ ಇಳಿಸಿ ಫೋಟೊ ತೆಗೆಸಿಕೊಂಡು ಹೋದರೆ ಆರು ತಿಂಗಳಲ್ಲಿ ಅದರ ಮೇಲೆ ಬಟ್ಟೆ ಒಣಗಲು ಹಾಕಿರುತ್ತಾರೆ.

ಇನ್ನೊಂದು ಚಿಕ್ಕ ಕೋರಿಕೆ. ಬರಹದ ಜೊತೆ ಹಾಕಿದ ಕೌದಿ ಫೋಟೊಗಳೆಲ್ಲ ಮುಂಬದಿಯವು. ಮುಂದಿನ ಸಲ ಹಿಂಬದಿಯದ್ದೂ ಒಂದು ಹಾಕಿ. ಹೊಲಿಯುವವರು ಮೊದಲು ತಿರುಗಿಸಿ ನೋಡುವುದು ಅದನ್ನೇ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು
ಕೊಲಂಬಸ್, ಒಹಾಯೊ (ಊರು ಧಾರವಾಡ)