ಶಾರದಾ ಪೀಠದ ದಾರಿ ತೆರೀಲಿ

ಸಂಪಾದಕರಿಗೆ ನಮಸ್ಕಾರ. ನಮ್ಮ ಮಂಜೇಶ್ವರ ಕಡೆಯ ಸಾರಸ್ವತರ ಮನೆಗಳಲ್ಲಿ ಹಿರಿಯರು ಈಗ್ಲೂ ಹೇಳ್ತಾರೆ ನಾವು ಮೂಲದಲ್ಲಿ ಕಾಶ್ಮೀರದವ್ರು ಅಂತ, ಅದಕ್ಕೇ ಈ ಸಲ ಕಾಶ್ಮೀರದ ಗಡಿ ಹಳ್ಳಿ ತೀತ್ವಾಲ್ ತನಕ ಹೋಗಿ ಬಂದೆ. ಶೃಂಗೇರಿಯಿಂದ ಹೋದ ಪಂಚಲೋಹದ ಶಾರದೆ 2023ರಿಂದ ಅಲ್ಲಿದ್ದಾಳೆ, ಪಕ್ಕದಲ್ಲೇ ಗುರುದ್ವಾರ, ಕೆಳಗೆ ಕಿಶನ್‌ಗಂಗಾ ಹೊಳೆ, ಆಚೆ ದಡ ಮಾತ್ರ ಪಾಕಿಸ್ತಾನದ ವಶದಲ್ಲಿ. ಹಳೇ ಶಾರದಾ ಪೀಠ, ಅಂದ್ರೆ ಈಗ ಪಾಳುಬಿದ್ದಿರೋ ಶಾರದೆಯ ದೇವಸ್ಥಾನ, ಇರೋದು ಪಾಕಿಸ್ತಾನದ ವಶದಲ್ಲಿರೋ ಕಡೆ, ಅದೇ ಹೊಳೆಯ ಮೇಲ್ಗಡೆ ಬೆಟ್ಟಗಳ ನಡುವೆ, 1947ಕ್ಕೆ ಮುಂಚೆ ಯಾತ್ರೆಯವ್ರು ಈ ದಾರೀಲೇ ಹೋಗ್ತಿದ್ರು, ಅಲ್ಲಿ ನಿಂತು ಆಚೆ ನೋಡುವಾಗ ಕಣ್ಣು ತುಂಬಿ ಬಂತು. 2019ರಲ್ಲಿ ಸಿಖ್ಖರಿಗೆ ಪಾಕಿಸ್ತಾನದ ಕರ್ತಾರ್‌ಪುರ ಗುರುದ್ವಾರದ ದಾರಿ ತೆರೆದ ಹಾಗೆ ಇದನ್ನೂ ತೆರೀರಿ ಅಂತ ಕಾಶ್ಮೀರಿ ಪಂಡಿತರು ಕೇಳ್ತಾನೇ ಇದ್ದಾರೆ. ನಮ್ಮೂರಿನ ಎಂಪಿ, ಕರ್ನಾಟಕದ ಎಂಪಿಗಳೂ ದಯವಿಟ್ಟು ದನಿ ಸೇರಿಸ್ಬೇಕು, ನಮ್ಮ ಹಿರಿಯರಿಗೆ ಕೈಕಾಲು ಗಟ್ಟಿ ಇರುವಾಗ್ಲೇ ಆಗ್ಬೇಕು ಇದು.

– ಓದುಗ, ಮಂಜೇಶ್ವರ